ದೋಣಿಗೆ ಎಂಥ ನೆಲ ಬೇಕು?

ಮನೆ ಕಟ್ಟಿಸುವಾಗ ನೆಲಕ್ಕೆ ಏನು ಹಾಕಿಸಬೇಕೆಂಬ ಪ್ರಶ್ನೆ ಬಂದರೆ ನಾವು ಗಟ್ಟಿತನ, ತಂಪು, ಬೆಲೆ ಈ ಮೂರನ್ನು ವಿಚಾರಿಸುತ್ತೇವೆ. ಬಳಿಕ ಶಹಾಬಾದ ಫರಸಿಯನ್ನೋ ಸಿಮೆಂಟನ್ನೋ ಆರಿಸಿಕೊಳ್ಳುತ್ತೇವೆ. ಫರಸಿ ಎಷ್ಟು ತೂಗುವುದೆಂದು ಯಾರೂ ಕೇಳುವುದಿಲ್ಲ. ಅದರ ಭಾರವನ್ನು ಭೂಮಿ ಹೊರುತ್ತದೆ. ದೋಣಿಯ ಮಾತು ಹಾಗಲ್ಲ. ಅಲ್ಲಿ ನೆಲದ ಪ್ರತಿಯೊಂದು ಕಿಲೋಗ್ರಾಮನ್ನೂ ನೀರು ಹೊರಬೇಕು. ಹಳೆಯ ದೋಣಿಯೊಂದನ್ನು ದುರಸ್ತಿ ಮಾಡುವಾಗ ಅದರ ನೆಲಕ್ಕೆ ಯಾವ ಪದಾರ್ಥವನ್ನು ಬಳಸಬೇಕೆಂಬುದು ಬಡಗಿಯ ಪ್ರಶ್ನೆಯಾಗಿರುವಂತೆಯೇ ಭೌತಶಾಸ್ತ್ರದ ಪ್ರಶ್ನೆಯೂ ಆಗಿದೆ.

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯ ಮಗ್ಗುಲಲ್ಲಿ ಹರಿಯುವ ಕುಮುದ್ವತಿ ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆಯ ಹಳೆಯ ವಾಹನ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಾಗಿ ಹೆಣೆದು ಹೊರಗೆ ಚರ್ಮ ಹೊದಿಸಿದ ಈ ದೋಣಿಗಳನ್ನು ಆನೆಗೊಂದಿಯ ಬಳಿ ಕಂಡು ವರ್ಣಿಸಿದ್ದಾನೆ. ಈಗ ಚರ್ಮದ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ಹರಿಗೋಲಿನಲ್ಲಿ ಬಿದಿರಿನ ಹೆಣಿಗೆಯೇ ತಳ, ಅದೇ ನೆಲ. ಮರದ ದೋಣಿಯಲ್ಲಿ ಇವೆರಡೂ ಬೇರೆ ಬೇರೆ. ನೀರನ್ನು ಹೊರಗೆ ತಡೆಯುವುದು ತಳ. ಅದರ ಮೇಲಿನ ಅಡ್ಡಪಟ್ಟಿಗಳನ್ನು ಆಧರಿಸಿ ಕೂತು ನಾವು ಕಾಲಿಡಲು ಎಡೆಗೊಡುವುದು ನೆಲ. ಈ ಎರಡನೆಯದೇ ನಮ್ಮ ಇಂದಿನ ವಿಷಯ.

ಮೊದಲು ತೂಕವನ್ನು ನೋಡೋಣ. ಆರು ಚದರ ಮೀಟರು ನೆಲವುಳ್ಳ ಒಂದು ದೋಣಿಯನ್ನು ಕಲ್ಪಿಸಿಕೊಳ್ಳಿರಿ. ನೀರಿನ ಮಟ್ಟದಲ್ಲಿ ಅದರ ಅಡ್ಡಕೊಯ್ತದ ಕ್ಷೇತ್ರ ಎಂಟು ಚದರ ಮೀಟರು ಇರಲಿ. ಅದು ಒಂದು ಮಿಲಿಮೀಟರು ಮುಳುಗಿದರೆ ಎಂಟು ಲೀಟರು, ಎಂದರೆ ಎಂಟು ಕಿ.ಗ್ರಾಂ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆರ್ಕಿಮಿಡೀಸನ ತತ್ತ್ವದಂತೆ, ದೋಣಿಗೆ ಸೇರಿಸಿದ ಪ್ರತಿ ಎಂಟು ಕಿ.ಗ್ರಾಂ ಭಾರಕ್ಕೆ ಅದು ಒಂದು ಮಿ.ಮೀ. ಕೆಳಗಿಳಿಯುತ್ತದೆ. ಇನ್ನು ಲೆಕ್ಕ ಸುಲಭ:

25 ಮಿ.ಮೀ. ದಪ್ಪದ ಫರಸಿ: 390 ಕಿ.ಗ್ರಾಂ, ಇಳಿತ 49 ಮಿ.ಮೀ.
25 ಮಿ.ಮೀ. ದಪ್ಪದ ಸಾಗವಾನಿ ಹಲಗೆ: 98 ಕಿ.ಗ್ರಾಂ, ಇಳಿತ 12 ಮಿ.ಮೀ.
12 ಮಿ.ಮೀ. ದಪ್ಪದ ಪ್ಲೈವುಡ್: 47 ಕಿ.ಗ್ರಾಂ, ಇಳಿತ 6 ಮಿ.ಮೀ.
3 ಮಿ.ಮೀ. ದಪ್ಪದ ಅಲ್ಯೂಮಿನಿಯಮ್ ತಗಡು: 49 ಕಿ.ಗ್ರಾಂ, ಇಳಿತ 6 ಮಿ.ಮೀ.

ಅಲ್ಯೂಮಿನಿಯಮಿನ ಸಾಂದ್ರತೆ ಪ್ಲೈವುಡ್ಡಿಗಿಂತ ನಾಲ್ಕು ಪಟ್ಟು ಹೆಚ್ಚಾಗಿದ್ದರೂ ಎರಡರ ಇಳಿತ ಒಂದೇ ಆಗಿರುವುದನ್ನು ವಾಚಕರು ಗಮನಿಸಬೇಕು. ಸಾಂದ್ರತೆಯೊಂದನ್ನೇ ನೋಡಿ ತೀರ್ಮಾನಿಸಲಾಗದು. ಭಾರ ಹೊರಲು ಎಷ್ಟು ದಪ್ಪ ಬೇಕೆಂಬುದನ್ನೂ ಸೇರಿಸಿ ಲೆಕ್ಕ ಹಾಕಬೇಕು. ಫರಸಿಗೂ ಸಾಗವಾನಿಗೂ ಇರುವ ಅಂತರ 292 ಕಿ.ಗ್ರಾಂ. ಇದು ಸುಮಾರು ಐದು ಜನರ ತೂಕ. ದೋಣಿಯ ನೆಲವೆಂದರೆ ಯಾವ ದಡದಲ್ಲಿಯೂ ಇಳಿಯದ ಪ್ರಯಾಣಿಕ. ಅದರ ತೂಕ ಹೆಚ್ಚಿದಷ್ಟು ಜನರನ್ನು ಕಡಿಮೆ ಮಾಡದಿದ್ದರೆ ಅಂಚಿಗೂ ನೀರಿಗೂ ನಡುವಣ ಎತ್ತರ ಕುಗ್ಗಿ, ಸಣ್ಣ ಅಲೆಯೂ ಒಳಗೆ ನುಗ್ಗುತ್ತದೆ.

ಎರಡನೆಯದು ನೆಲದ ಎತ್ತರ. ಭಾರವು ತಳದಲ್ಲಿದ್ದರೆ ಗುರುತ್ವಕೇಂದ್ರ ಕೆಳಗಿಳಿದು ದೋಣಿ ಸ್ಥಿರವಾಗುವುದು ನಿಜ. ಆದರೆ ನೆಲದ ಮೇಲೆ ಜನರಿರುತ್ತಾರೆ. ಜನರೂ ಸೇರಿ 1,200 ಕಿ.ಗ್ರಾಂ ತೂಗುವ ದೋಣಿಯಲ್ಲಿ ಹತ್ತು ಜನರ ತೂಕ 600 ಕಿ.ಗ್ರಾಂ ಎನ್ನೋಣ. ಕಾಲು ತೋಯದಿರಲೆಂದು ನೆಲವನ್ನು 10 ಸೆಂ.ಮೀ. ಎತ್ತರಿಸಿದರೆ ಇಡೀ ದೋಣಿಯ ಗುರುತ್ವಕೇಂದ್ರ 5 ಸೆಂ.ಮೀ. ಮೇಲೇರುತ್ತದೆ. ವಾಲಿದ ದೋಣಿ ಮತ್ತೆ ನೆಟ್ಟಗಾಗುವ ಶಕ್ತಿ ಅಷ್ಟರಮಟ್ಟಿಗೆ ಕುಂದುತ್ತದೆ. ಆದುದರಿಂದ ನೆಲವು ಸಾಧ್ಯವಾದಷ್ಟು ಕೆಳಗಿರಬೇಕು.

ಮೂರನೆಯದು ನೀರು ಹೀರುವ ಗುಣ. ಮರದ ಕೋಶಭಿತ್ತಿಗಳು ಒಣತೂಕದ ಸುಮಾರು ಶೇಕಡ 30ರಷ್ಟು ತೇವವನ್ನು ಹಿಡಿಯಬಲ್ಲವು. ಅಲ್ಲಿಯವರೆಗೆ ಹಲಗೆ ಉಬ್ಬುತ್ತ ಹೋಗುತ್ತದೆ. ಶೇಕಡ 12ರಷ್ಟು ತೇವವಿದ್ದ ನಮ್ಮ ಸಾಗವಾನಿ ನೆಲ ಶೇಕಡ 30ಕ್ಕೆ ಮುಟ್ಟಿದಾಗ ಸುಮಾರು 16 ಕಿ.ಗ್ರಾಂ ಹೆಚ್ಚು ತೂಗುತ್ತದೆ. ಹಲಗೆಗಳ ನಡುವೆ ಸಂದು ಬಿಡದಿದ್ದರೆ ಉಬ್ಬಿದ ಹಲಗೆಗಳು ಒಂದನ್ನೊಂದು ಒತ್ತಿ ಮೇಲೇಳುತ್ತವೆ. ಪ್ಲೈವುಡ್ಡಿನಲ್ಲಿ ಪದರಗಳ ಎಳೆಗಳು ಅಡ್ಡಡ್ಡವಾಗಿರುವುದರಿಂದ ಒಂದು ಪದರದ ಉಬ್ಬನ್ನು ಇನ್ನೊಂದು ತಡೆಯುತ್ತದೆ. ಆದರೆ ಸಾಮಾನ್ಯ ಪ್ಲೈವುಡ್ಡಿನ ಅಂಟು ನೀರಿಗೆ ಬಿಡುತ್ತದೆ. ದೋಣಿಗೆ ಬೇಕಾದುದು ಭಾರತೀಯ ಮಾನಕ 710ಕ್ಕೆ ಒಪ್ಪುವ ಮರೈನ್ ಪ್ಲೈವುಡ್. ಅದನ್ನು ಕೊಯ್ದ ಅಂಚುಗಳಿಗೂ ಮೊಳೆತೂತುಗಳಿಗೂ ಎಪಾಕ್ಸಿ ಬಳಿಯಲೇಬೇಕು.

ಮರವನ್ನು ಕೆಡಿಸುವ ಶಿಲೀಂಧ್ರಕ್ಕೆ ತೇವ, ಗಾಳಿ ಎರಡೂ ಬೇಕು. ಪೂರ್ತಿ ಮುಳುಗಿದ ಮರಕ್ಕೆ ಗಾಳಿಯಿಲ್ಲ, ಒಣಗಿದ ಮರಕ್ಕೆ ತೇವವಿಲ್ಲ. ನೆಲದಡಿಯ ಹಸಿ ಮೂಲೆಯಲ್ಲಿ ಎರಡೂ ಉಂಟು. ಅಲ್ಲಿ ನಿಂತ ನೀರಿನಿಂದ ಇನ್ನೂ ಒಂದು ಅಪಾಯವಿದೆ. ಐದು ಚದರ ಮೀಟರಿನಲ್ಲಿ 2 ಸೆಂ.ಮೀ. ನೀರು ನಿಂತರೆ ಅದು 100 ಕಿ.ಗ್ರಾಂ. ಸಾಗವಾನಿ ನೆಲಕ್ಕಿಂತ ಹೆಚ್ಚಾದ ಈ ಭಾರ ದೋಣಿ ವಾಲಿದ ಕಡೆಗೇ ಹರಿದು ಅದನ್ನು ಇನ್ನಷ್ಟು ವಾಲಿಸುತ್ತದೆ. ಆದುದರಿಂದ ನೆಲವನ್ನು ಬಿಡಿಸಿ ತೆಗೆಯುವಂತೆ ತುಂಡುಗಳಾಗಿ ಮಾಡತಕ್ಕದ್ದು. ತೆಗೆದರೆ ನೀರನ್ನು ಮೊಗೆಯಬಹುದು, ಅಡಿಭಾಗವನ್ನು ಒಣಗಿಸಬಹುದು.

ಕೊನೆಯದು ಘರ್ಷಣೆ. ದೋಣಿ 15 ಅಂಶ ವಾಲಿದಾಗ ಕಾಲು ಜಾರದಿರಬೇಕಾದರೆ ಘರ್ಷಣಾಂಕ 0.27ಕ್ಕಿಂತ ಹೆಚ್ಚಿರಬೇಕು. ಒಬ್ಬರು ಜಾರಿ ಬಿದ್ದರೆ ಅವರ ಭಾರವೂ ವಾಲಿದ ಬದಿಗೇ ಸೇರುತ್ತದೆ. ನುಣುಪಾದ ಬಣ್ಣವೂ ಬರಿಯ ತಗಡೂ ಒದ್ದೆಯಾದಾಗ ನಂಬಿಕೆಗೆ ತಕ್ಕವಲ್ಲ. ತಗಡಿಗೆ ಮತ್ತೊಂದು ದೋಷ: ಅದು ಮರಕ್ಕಿಂತ ನೂರಾರು ಪಟ್ಟು ಬೇಗ ಉಷ್ಣವನ್ನು ಸಾಗಿಸುವುದರಿಂದ ಬೇಸಗೆಯ ಬಿಸಿಲಿನಲ್ಲಿ ಬರಿಗಾಲನ್ನು ಸುಡುತ್ತದೆ. ಬಣ್ಣ ಹಸಿಯಿರುವಾಗಲೇ ಜರಡಿ ಹಿಡಿದ ಮರಳನ್ನು ಉದುರಿಸಿದರೆ ಹಲಗೆಗೆ ಹಿಡಿತ ಬರುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಲಗೆಯ ಮೇಲೆ ರಬ್ಬರಿನ ಚಪ್ಪಲಿಯೊಂದನ್ನು ಇಟ್ಟು, ಅದರ ಮೇಲೆ ಒಂದು ಕಲ್ಲನ್ನು ಕಟ್ಟಿ, ಹಲಗೆಯ ಒಂದು ತುದಿಯನ್ನು ಮೆಲ್ಲನೆ ಎತ್ತಿರಿ. ಚಪ್ಪಲಿ ಜಾರತೊಡಗಿದಾಗಿನ ಎತ್ತರವನ್ನು ಅಡಿಯ ಅಗಲದಿಂದ ಭಾಗಿಸಿದರೆ ಘರ್ಷಣಾಂಕ ಸಿಕ್ಕುತ್ತದೆ. ಒಣ ಹಲಗೆ, ಒದ್ದೆ ಹಲಗೆ, ಬಣ್ಣದ ಹಲಗೆ, ಮರಳು ಹಿಡಿಸಿದ ಹಲಗೆ ಈ ನಾಲ್ಕನ್ನೂ ಹೋಲಿಸಿರಿ.

ಹೊಳೆಯ ದೋಣಿಗೆ ಅಂಚು ಬಿಗಿದ ಮರೈನ್ ಪ್ಲೈವುಡ್ಡಾಗಲಿ, ಸಂದು ಬಿಟ್ಟು ಜೋಡಿಸಿದ ಸಾಗವಾನಿಯಾಗಲಿ ಒಪ್ಪುತ್ತದೆ. ಯಾವುದನ್ನು ಆರಿಸಿದರೂ ಅದು ತಗ್ಗಿನಲ್ಲಿರಬೇಕು, ಬಿಡಿಸಲು ಬರಬೇಕು, ಮೇಲ್ಮೈ ಒರಟಾಗಿರಬೇಕು. ಅಂಗಡಿಯಲ್ಲಿ ಒಣಗಿದ ತುಂಡನ್ನು ಮುಟ್ಟಿ ನೋಡಿ ಮೆಚ್ಚಬಾರದು. ಒದ್ದೆಯಾದಾಗ ಅದು ಎಷ್ಟು ತೂಗುತ್ತದೆ, ಒದ್ದೆ ಕಾಲನ್ನು ಹೇಗೆ ಹಿಡಿಯುತ್ತದೆ ಎಂದು ಕೇಳಬೇಕು. ದೋಣಿಯಲ್ಲಿ ಕೂತವರ ಪ್ರಾಣ ಈ ಎರಡು ಪ್ರಶ್ನೆಗಳನ್ನು ಅವಲಂಬಿಸಿರುತ್ತದೆ.