ತಕ್ಕಡಿಯನ್ನೇ ತೂಗಿ ನೋಡಿ

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಡಬ್ಬದ ಮೇಲೆ ಸಾಮಾನ್ಯವಾಗಿ ‘5 ಕೆಜಿ, 1 ಗ್ರಾಂ’ ಎಂದು ಬರೆದಿರುತ್ತದೆ. ಅದನ್ನು ಓದಿದವರು, ತೂಕ ಒಂದು ಗ್ರಾಂ ಕೂಡ ಆಚೀಚೆ ಆಗುವುದಿಲ್ಲ ಎಂದು ನಂಬಿಬಿಡುತ್ತಾರೆ. ಆ 1 ಗ್ರಾಂ ಹೇಳುವುದು ಇಷ್ಟೇ: ಪರದೆಯ ಅಂಕಿ ಒಂದೊಂದು ಗ್ರಾಂ ಲೆಕ್ಕದಲ್ಲಿ ಏರಿಳಿಯುತ್ತದೆ. ಇದು ರೆಸಲ್ಯೂಷನ್. ತೋರಿಸಿದ ತೂಕ ಸರಿಯೇ, ಪ್ರತಿ ಸಲವೂ ಅದೇ ಬರುತ್ತದೆಯೇ ಎಂಬುದೆಲ್ಲ ಬೇರೆ ಪ್ರಶ್ನೆಗಳು. ಅಳೆಯುವ ವಸ್ತು ಬದಲಾಗದೆ ಇರುವಾಗ ಉಪಕರಣ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಎಂಜಿನಿಯರಿಂಗ್ ಪಾಠಗಳಲ್ಲಿ ‘ಸ್ಟ್ಯಾಟಿಕ್ ಗುಣಲಕ್ಷಣ’ ಎನ್ನುತ್ತಾರೆ. ಲ್ಯಾಬ್ ಇಲ್ಲದೆಯೂ ಇವನ್ನು ಪರೀಕ್ಷಿಸಬಹುದು. ಒಂದು ನೋಟ್‌ಬುಕ್, ಒಂದು ಸ್ಟೀಲ್ ಚೊಂಬು, ಸೂಜಿ ತೆಗೆದ ಸಿರಿಂಜ್, ಸ್ವಲ್ಪ ಚಿಲ್ಲರೆ ಸಾಕು.

ಹಂತ 1: ಸೊನ್ನೆ ನಿಲ್ಲುತ್ತದೆಯೇ?

ತಕ್ಕಡಿಯನ್ನು ಗಟ್ಟಿಯಾದ, ಸಮತಟ್ಟಾದ ಕಲ್ಲಿನ ಕಟ್ಟೆಯ ಮೇಲಿಡಿ. ಫ್ಯಾನ್ ಆರಿಸಿ. ಹೊಸ ಸೆಲ್ ಹಾಕಿ. ಆನ್ ಮಾಡಿ ಸ್ವಲ್ಪ ಹೊತ್ತು ಬಿಡಿ. ನಂತರ ಚೊಂಬನ್ನು ಇಟ್ಟು ಅಂಕಿ ಬರೆದುಕೊಳ್ಳಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಯಾರೂ ಮುಟ್ಟದಿದ್ದರೂ ತೂಕ ಒಂದೆರಡು ಗ್ರಾಂ ಸರಿದಿದ್ದರೆ ಅದು ತೆವಳಿಕೆ. ಒಳಗಿನ ಲೋಡ್ ಸೆಲ್ ಎಂಬ ಲೋಹದ ಪಟ್ಟಿ ಭಾರಕ್ಕೆ ನಿಧಾನವಾಗಿ ಇನ್ನಷ್ಟು ಬಾಗುವುದರಿಂದ ಹೀಗಾಗುತ್ತದೆ. ಈಗ ಚೊಂಬು ತೆಗೆಯಿರಿ. ಸೊನ್ನೆಗೆ ಮರಳಿತೇ ಎಂಬುದನ್ನೂ ಬರೆದುಕೊಳ್ಳಿ.

ಹಂತ 2: ಹತ್ತು ಸಲ ಇಟ್ಟು ತೆಗೆಯಿರಿ

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಆದರೂ ಹೆಚ್ಚಿನವರು ಇದನ್ನು ಬಿಟ್ಟು ನೇರವಾಗಿ ‘ತೂಕ ಸರಿಯಿದೆಯೇ’ ಎಂಬ ಪ್ರಶ್ನೆಗೆ ಹಾರುತ್ತಾರೆ. ಅದೇ ಚೊಂಬನ್ನು ತಟ್ಟೆಯ ನಡುವೆ ಇಟ್ಟು, ಓದಿ, ಪೂರ್ತಿ ಎತ್ತಿ, ಮತ್ತೆ ಇಡಿ. ಹತ್ತು ಅಂಕಿ ಬರೆಯಿರಿ. 412, 412, 413, 412, 411 ಎಂದು ಬಂದರೆ ಚಿಂತೆಯಿಲ್ಲ. 412, 418, 409 ಎಂದು ಕುಣಿದರೆ ಮುಂದಿನ ಹಂತಗಳಿಗೆ ಅರ್ಥವೇ ಇಲ್ಲ. ಪ್ರತಿ ಸಲವೂ ಐದು ಗ್ರಾಂ ಕಡಿಮೆ ತೋರಿಸುವ ತಕ್ಕಡಿಗೆ ಐದು ಕೂಡಿಸಿಕೊಂಡು ಬಾಳಬಹುದು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸುವುದಕ್ಕೆ ಏನು ಕೂಡಿಸುತ್ತೀರಿ?

ಹತ್ತರಲ್ಲಿ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಿರಿ. ಆ ವ್ಯತ್ಯಾಸವೇ ನಿಮ್ಮ ತಕ್ಕಡಿಯ ಚದುರಿಕೆ.

ಹಂತ 3: ಸರಿಯಾದ ತೂಕಕ್ಕೆ ಹೋಲಿಸಿ

ಇದಕ್ಕೆ ತೂಕ ಗೊತ್ತಿರುವ ವಸ್ತು ಬೇಕು. ಒಂದು ಕೆಜಿ ಉಪ್ಪಿನ ಪ್ಯಾಕೆಟ್ ಬೇಡ. 1 ಕೆಜಿ ಎಂದು ಅಚ್ಚಾದ ಪ್ಯಾಕೆಟ್‌ನಲ್ಲಿ 15 ಗ್ರಾಂವರೆಗಿನ ವ್ಯತ್ಯಾಸಕ್ಕೆ ನಿಯಮದಲ್ಲೇ ಅವಕಾಶವಿದೆ, ಕವರಿನ ತೂಕ ಬೇರೆ. ನಾಣ್ಯಗಳು ಇದಕ್ಕಿಂತ ವಾಸಿ. 2011ರಿಂದ 2018ರವರೆಗಿನ ಇಸವಿ ಇರುವ ಹಳದಿ ಐದು ರೂಪಾಯಿ ನಾಣ್ಯದ ತೂಕ 6 ಗ್ರಾಂ. ಸವೆಯದ ಇಪ್ಪತ್ತು ನಾಣ್ಯ ಸೇರಿಸಿದರೆ 120 ಗ್ರಾಂ. 2019ರ ಸರಣಿಯ ಐದು ರೂಪಾಯಿ 6.74 ಗ್ರಾಂ ಇದೆ, ಎರಡನ್ನೂ ಬೆರೆಸಬೇಡಿ.

ಇನ್ನೂ ನಂಬಿಕೆಯ ದಾರಿ ಎಂದರೆ ಪರಿಚಯದ ಕಿರಾಣಿ ಅಂಗಡಿಯಲ್ಲಿ ಮುದ್ರೆ ಬಿದ್ದ ಅರ್ಧ ಕೆಜಿ ಬಟ್ಟು ಕೇಳುವುದು. ಆ ಮುದ್ರೆಯ ಹಿಂದೆ ಉದ್ದದ ಸರಪಳಿಯಿದೆ. ಅಂಗಡಿಯ ಬಟ್ಟನ್ನು ಮಾಪನ ಇಲಾಖೆಯ ಬಟ್ಟಿನೊಂದಿಗೆ, ಅದನ್ನು ಇನ್ನೂ ಮೇಲಿನ ಮಟ್ಟದ ಪ್ರಯೋಗಾಲಯದ ಬಟ್ಟಿನೊಂದಿಗೆ ಹೋಲಿಸಿರುತ್ತಾರೆ. ಹಾಗೆ ಮೇಲಕ್ಕೆ ಹೋಗುತ್ತ ಕೊನೆಗೆ ಮುಟ್ಟುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು.

ಇಲ್ಲೊಂದು ಸ್ವಾರಸ್ಯವಿದೆ. ಎರಡು ತಟ್ಟೆಯ ತಕ್ಕಡಿ ವಸ್ತುವನ್ನು ಬಟ್ಟಿಗೆ ಹೋಲಿಸುತ್ತದೆ. ಡಿಜಿಟಲ್ ತಕ್ಕಡಿಯಾದರೋ ಭೂಮಿಯ ಸೆಳೆತವನ್ನು ಅಳೆದು ಅದನ್ನೇ ಗ್ರಾಂ ಎಂದು ತೋರಿಸುತ್ತದೆ. ಬೆಂಗಳೂರಿನಲ್ಲಿ ಗುರುತ್ವ ಸುಮಾರು 9.78. ಅದು 9.80 ಇರುವ ಊರಿನಲ್ಲಿ ಹೊಂದಿಸಿ ಕಳಿಸಿದ ತಕ್ಕಡಿ ನಮ್ಮಲ್ಲಿ ಒಂದು ಕೆಜಿಗೆ ಸುಮಾರು ಎರಡು ಗ್ರಾಂ ಕಡಿಮೆ ತೋರಿಸುತ್ತದೆ. ಯಂತ್ರ ಕೆಟ್ಟಿಲ್ಲ, ಊರು ಬದಲಾಗಿದೆ ಅಷ್ಟೆ.

ಹಂತ 4: ಏರುವಾಗ, ಇಳಿಯುವಾಗ

120 ಗ್ರಾಂ ಚಿಲ್ಲರೆಯನ್ನು ಖಾಲಿ ತಟ್ಟೆಯ ಮೇಲಿಟ್ಟು ಓದಿ. ಆಮೇಲೆ ಒಂದು ಕೆಜಿ ಅಕ್ಕಿಯ ಪಾತ್ರೆ ಇಟ್ಟು, ಅದರ ಮೇಲೆ ಅದೇ ಚಿಲ್ಲರೆ ಇಟ್ಟಾಗ ಅಂಕಿ ಎಷ್ಟು ಏರಿತು ನೋಡಿ. ಮೂರು ಕೆಜಿಯ ಮೇಲೂ ಹೀಗೇ ಮಾಡಿ. ಮೂರು ಕಡೆಯೂ 120 ಏರಿದರೆ ತಕ್ಕಡಿಯ ಲಿನಿಯಾರಿಟಿ ಚೆನ್ನಾಗಿದೆ. ಮೇಲೆ ಹೋದಂತೆ 118, 115 ಎಂದು ಕುಗ್ಗಿದರೆ ಭಾರದ ಸಾಮಾನಿಗೆ ಅದನ್ನು ನಂಬಬೇಡಿ. ಟೇರ್ ಗುಂಡಿ ಒತ್ತಿದರೆ ಅಂಕಿ ಸೊನ್ನೆಯಾಗುತ್ತದೆಯೇ ಹೊರತು ಲೋಡ್ ಸೆಲ್ ಮೇಲಿನ ಭಾರ ಇಳಿಯುವುದಿಲ್ಲ.

ಈಗ ಪಾತ್ರೆಗಳನ್ನು ಒಂದೊಂದಾಗಿ ಇಳಿಸುತ್ತ, ಏರಿಸುವಾಗ ಬರೆದ ಅಂಕಿಗಳ ಪಕ್ಕದಲ್ಲೇ ಇಳಿಕೆಯ ಅಂಕಿಗಳನ್ನು ಬರೆಯಿರಿ. ಅದೇ ತೂಕಕ್ಕೆ ಏರುವಾಗ ಒಂದು, ಇಳಿಯುವಾಗ ಇನ್ನೊಂದು ಬಂದರೆ ಅದಕ್ಕೆ ಹಿಸ್ಟರಿಸಿಸ್ ಎನ್ನುತ್ತಾರೆ.

ಹಂತ 5: ಹನಿ ಹನಿಯಾಗಿ

ತಟ್ಟೆಯ ಮೇಲೆ ಖಾಲಿ ಬಟ್ಟಲಿಟ್ಟು ಟೇರ್ ಮಾಡಿ. ಸಿರಿಂಜ್‌ನಿಂದ ನೀರನ್ನು ಬಹಳ ನಿಧಾನವಾಗಿ ಒಂದೊಂದೇ ಹನಿ ಬಿಡಿ. ಒಂದು ಮಿಲಿ ನೀರು ಹೆಚ್ಚುಕಡಿಮೆ ಒಂದು ಗ್ರಾಂ. ಮೂರು ಮಿಲಿ ಹಾಕಿದ ಮೇಲೂ ಕೆಲವು ತಕ್ಕಡಿಗಳು ಸೊನ್ನೆಯನ್ನೇ ತೋರಿಸುತ್ತಿರುತ್ತವೆ! ಸೊನ್ನೆಯ ಬಳಿಯ ಸಣ್ಣ ಬದಲಾವಣೆಯನ್ನೆಲ್ಲ ಗಾಳಿಯ ಅಲುಗಾಟವೆಂದು ತಿಳಿದು ಅಳಿಸಿಹಾಕುವ ಏರ್ಪಾಡು ಅವುಗಳೊಳಗಿದೆ. ಯೀಸ್ಟ್, ಕೇಸರಿ ತೂಗುವವರು ಇದನ್ನು ನೆನಪಿಡಬೇಕು. ಚಿಟಿಕೆ ಚಿಟಿಕೆಯಾಗಿ ಉದುರಿಸಬೇಡಿ, ಬೇರೆ ಕಾಗದದ ಮೇಲೆ ಒಟ್ಟುಮಾಡಿ ಒಮ್ಮೆಲೇ ಇಡಿ.

ಹಂತ 6: ನಾಲ್ಕು ಮೂಲೆ

ಚೊಂಬನ್ನು ತಟ್ಟೆಯ ನಾಲ್ಕೂ ಮೂಲೆಗೆ ಸರಿಸಿ ಓದಿ. ವ್ಯತ್ಯಾಸ ಬಂದರೆ ಇನ್ನು ಮುಂದೆ ಎಲ್ಲವನ್ನೂ ನಡುವೆಯೇ ಇಡಿ.

ಹಂತ 7: ಚೀಟಿ ಅಂಟಿಸಿ

ಎಲ್ಲ ತೂಕಕ್ಕೂ ಒಂದೇ ಪ್ರಮಾಣದ ತಪ್ಪು, ಅಂದರೆ 300ಕ್ಕೆ 297, 600ಕ್ಕೆ 594 ಎಂದು ಬಂದರೆ, ಕೈಪಿಡಿಯಲ್ಲಿ ಕ್ಯಾಲಿಬ್ರೇಷನ್ ವಿಧಾನವಿದೆಯೇ ನೋಡಿ. ಇಲ್ಲದಿದ್ದರೆ ‘ನೂರಕ್ಕೆ ಒಂದು ಕೂಡಿಸಿ’ ಎಂದು ಚೀಟಿ ಬರೆದು ತಕ್ಕಡಿಯ ಅಡಿಗೆ ಅಂಟಿಸಿ, ತಾರೀಖು ಹಾಕಿ. ಚದುರಿಕೆ ಐದು ಗ್ರಾಂ ಮೀರಿದರೆ ಚೀಟಿ ದಂಡ. ಅಂಥ ತಕ್ಕಡಿ ತರಕಾರಿಗೆ ಸಾಕು, ಬೇಕಿಂಗ್‌ಗೆ ಆಗದು.

ಮನೆಯಲ್ಲೇ ಕೇಕ್, ಚಕ್ಕುಲಿ ಮಾಡಿ ತೂಕದ ಲೆಕ್ಕದಲ್ಲಿ ಮಾರುವವರು ಇನ್ನೊಂದನ್ನು ಗಮನಿಸಬೇಕು. ಈ ಪರೀಕ್ಷೆಗಳಲ್ಲೆಲ್ಲ ಗೆದ್ದ ತಕ್ಕಡಿಯನ್ನೂ ವ್ಯಾಪಾರಕ್ಕೆ ಬಳಸುವಂತಿಲ್ಲ. ಅದಕ್ಕೆ 2009ರ ಲೀಗಲ್ ಮೆಟ್ರಾಲಜಿ ಕಾಯ್ದೆಯ ಪ್ರಕಾರ ಪರಿಶೀಲನೆಯಾಗಿ ಮುದ್ರೆ ಬಿದ್ದ ತಕ್ಕಡಿಯೇ ಬೇಕು.