ಹೊಗೆಸೊಪ್ಪಿನ ಬ್ಯಾರನ್ನಿಗೆ ಒಂದು ನಿಸ್ತಂತು ಕಾವಲು

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರನ್ನು ದಾಟಿ ಪಿರಿಯಾಪಟ್ಟಣ, ಬೈಲಕುಪ್ಪೆಗಳ ಕಡೆಗೆ ಸಾಗುವವರಿಗೆ ಹೊಲಗಳ ನಡುವೆ ಎತ್ತರವಾದ, ಕಿಟಕಿಗಳಿಲ್ಲದ ಕಟ್ಟಡಗಳು ಅಲ್ಲಲ್ಲಿ ಕಾಣುವುವು. ಬೈಲಕುಪ್ಪೆಯೆಂದೊಡನೆ 1960ರ ದಶಕದಲ್ಲಿ ಬಂದು ನೆಲೆಸಿದ ಟಿಬೆಟನ್ನರ ವಸತಿಯೂ ಅವರ ದೇಗುಲವೂ ನೆನಪಾಗುವುದು ಸಹಜ. ಆದರೆ ಈ ಸೀಮೆಯಲ್ಲಿ ವರ್ಜೀನಿಯಾ ಹೊಗೆಸೊಪ್ಪನ್ನು ಬೆಳೆಯುವ ರೈತನ ವರ್ಷದ ಸಂಪಾದನೆಯು ನಿರ್ಣಯವಾಗುವುದು ಬಹುಮಟ್ಟಿಗೆ ಈ ಕಟ್ಟಡಗಳ ಒಳಗೇ. ಇವೇ ಸೊಪ್ಪನ್ನು ಬೇಯಿಸುವ ಬ್ಯಾರನ್‌ಗಳು.

ಕೊಯ್ದ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿನೊಳಗೆ ಸಾಲುಸಾಲಾಗಿ ತೂಗುಹಾಕುವರು. ಒಲೆಯಲ್ಲಿ ಸೌದೆ ಉರಿದು, ಬಿಸಿ ಹೊಗೆಯು ನೆಲಮಟ್ಟದಲ್ಲಿ ಹಾಯುವ ತಗಡಿನ ಕೊಳವೆಗಳಲ್ಲಿ ಸುತ್ತಿ ಹೊರಹೋಗುವುದು. ಹೊಗೆಯು ಎಲೆಯನ್ನು ಮುಟ್ಟದು. ಅದರ ಶಾಖ ಮಾತ್ರ ಮುಟ್ಟುವುದು. ಮೊದಲು 32ರಿಂದ 38 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ತೇವ ತುಂಬಿದ ಗಾಳಿಯಲ್ಲಿ ಎಲೆಯು ಹಳದಿಯಾಗುವುದು. ಅದರೊಳಗಿನ ಪಿಷ್ಟವು ಸಕ್ಕರೆಯಾಗುವುದು. ಆಮೇಲೆ ಉಷ್ಣತೆಯನ್ನು ಮೆಲ್ಲಮೆಲ್ಲನೆ 50 ಡಿಗ್ರಿಯವರೆಗೆ ಏರಿಸಿ ಎಲೆಯ ಹಾಳೆಯನ್ನೂ, ಕೊನೆಗೆ 70 ಡಿಗ್ರಿಯ ಸುಮಾರಿಗೆ ಒಯ್ದು ನಡುನರವನ್ನೂ ಒಣಗಿಸುವರು. ಎಲ್ಲ ಸೇರಿ ಐದಾರು ದಿನಗಳ ಕೆಲಸ. ಎಲೆಯಲ್ಲಿ ತೇವವಿರುವಾಗಲೇ ಶಾಖವನ್ನು ಅವಸರದಿಂದ ಏರಿಸಿದರೆ ಬಣ್ಣ ಕಂದಿ ಹೋಗುವುದು. ನಡುನರ ಒಣಗುವ ಮುನ್ನ ಬೆಂಕಿ ಕುಗ್ಗಿದರೆ ಅದರ ತೇವವು ಹಾಳೆಗೆ ಹಿಂದಿರುಗಿ ಕಲೆಯಾಗುವುದು. ಒಣಗಿದ ಎಲೆಯೊಂದು ಕಾದ ಕೊಳವೆಯ ಮೇಲೆ ಬಿದ್ದರಂತೂ ಬ್ಯಾರನ್ನೇ ಹೊತ್ತಿಕೊಳ್ಳುವ ಭಯ. ಆದುದರಿಂದ ಜುಲೈ ತಿಂಗಳಿಂದ ಮೊದಲಾಗಿ ಈ ಊರುಗಳಲ್ಲಿ ರಾತ್ರಿಯೆಲ್ಲ ಒಬ್ಬರಲ್ಲ ಒಬ್ಬರು ಎದ್ದಿರಬೇಕಾಗುವುದು.

ಈ ಕಾವಲಿಗೆ ನೆರವಾಗಬಲ್ಲ ಯಂತ್ರವೊಂದನ್ನು ಕಾಲೇಜು ವಿದ್ಯಾರ್ಥಿಯು ತಾನೇ ಕಟ್ಟಬಹುದು. ಉಷ್ಣತೆಯನ್ನೂ ಆರ್ದ್ರತೆಯನ್ನೂ ಅಳೆಯುವುದು, ಮಿತಿ ಮೀರಿದಾಗ ಗಂಟೆ ಬಾರಿಸುವುದು, ಸುದ್ದಿಯನ್ನು ತಂತಿಯಿಲ್ಲದೆ ಮನೆಗೆ ಮುಟ್ಟಿಸುವುದು, ಇವು ಅದರ ಕೆಲಸಗಳು. ಬೆಂಕಿಯನ್ನು ಹೆಚ್ಚಿಸುವ, ತಗ್ಗಿಸುವ ಅಧಿಕಾರವನ್ನು ಅದಕ್ಕೆ ಕೊಡದಿರುವುದೇ ಲೇಸು. ಅದು ಅನುಭವಿಯ ಕೈಯಲ್ಲಿಯೇ ಇರಲಿ. ಹೊಗೆಸೊಪ್ಪು ಆರೋಗ್ಯಕ್ಕೆ ಮಾಡುವ ಕೇಡು ಬಲ್ಲವರಿಗೆಲ್ಲ ತಿಳಿದುದೇ. ಅದರ ಸಹವಾಸ ಬೇಡವೆನ್ನುವವರು ಇದೇ ಯಂತ್ರವನ್ನು ಕೊಡಗಿನ ಏಲಕ್ಕಿ ಒಣಗಿಸುವ ಗೂಡಿಗೆ ಹೊಂದಿಸಿಕೊಳ್ಳಬಹುದು.

ಯಂತ್ರದ ಮಿದುಳು ಒಂದು ಮೈಕ್ರೊಕಂಟ್ರೋಲರ್, ಎಂದರೆ ಗಣಿಸುವ ಅಂಗ, ನೆನಪು, ಹೊರಗಿನ ತಂತಿಗಳನ್ನು ಓದುವ ದ್ವಾರಗಳು ಎಲ್ಲವೂ ಒಂದೇ ಚಿಪ್ಪಿನಲ್ಲಿ ಅಡಗಿದ ಪುಟ್ಟ ಕಂಪ್ಯೂಟರು. 2016ರಲ್ಲಿ ಹೊರಬಂದ ಇಎಸ್‌ಪಿ32 ಎಂಬುದು ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ಅಳೆಯುವುದಕ್ಕೆ ಡಿಎಸ್18ಬಿ20 ಎಂಬ ಸಂವೇದಕಗಳು ಎರಡು ಬೇಕು. ಇವು −55ರಿಂದ 125 ಡಿಗ್ರಿಯವರೆಗೆ ಕೆಲಸ ಮಾಡುವುವು. 85 ಡಿಗ್ರಿಯವರೆಗೆ ಅರ್ಧ ಡಿಗ್ರಿಗಿಂತ ಹೆಚ್ಚಿನ ತಪ್ಪು ಮಾಡವು. ಪ್ರತಿಯೊಂದಕ್ಕೂ ತನ್ನದೇ ಆದ ಸಂಖ್ಯೆಯಿರುವುದರಿಂದ ಎರಡನ್ನೂ ಒಂದೇ ಸುದ್ದಿತಂತಿಗೆ ಸೇರಿಸಬಹುದು. ಆ ತಂತಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೋಓಮ್‌ಗಳ ರೋಧಕವೊಂದಿರಬೇಕು. ಸಂವೇದಕಗಳು ಮಾತ್ರ ಬ್ಯಾರನ್ನಿನ ಒಳಗೆ. ಮಿಕ್ಕುದೆಲ್ಲ ಹೊರಗೋಡೆಯ ಮೇಲೆ. ಸಾಮಾನ್ಯ ಪಿವಿಸಿ ತಂತಿಯ ಹೊದಿಕೆಯು 70 ಡಿಗ್ರಿಯಲ್ಲಿ ತನ್ನ ಮಿತಿಯನ್ನು ಮುಟ್ಟುವುದರಿಂದ ಒಳಗೆ ಸಿಲಿಕೋನ್ ಹೊದಿಕೆಯ ತಂತಿಯನ್ನೇ ಬಳಸತಕ್ಕದ್ದು.

ಎರಡು ಸಂವೇದಕಗಳೇಕೆ? ಒಂದನ್ನು ಬರಿದಾಗಿ ಬಿಟ್ಟು ಇನ್ನೊಂದಕ್ಕೆ ಹತ್ತಿಯ ಬಟ್ಟೆ ಸುತ್ತಿ, ಅದರ ತುದಿ ನೀರಿನಲ್ಲಿ ಅದ್ದಿರುವಂತೆ ಮಾಡಿ. ನೀರು ಆವಿಯಾಗುವಾಗ ಗುಪ್ತೋಷ್ಣವನ್ನು ಹೀರುವುದಷ್ಟೆ. ಗಾಳಿ ಒಣಗಿದಷ್ಟೂ ಒದ್ದೆಯ ಸಂವೇದಕವು ಹೆಚ್ಚು ತಣಿಯುವುದು. ಒಣ ಸಂವೇದಕ 35, ಒದ್ದೆಯದು 33 ಡಿಗ್ರಿ ತೋರಿಸಿದರೆ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 87. 45 ಮತ್ತು 36 ತೋರಿಸಿದರೆ ಸುಮಾರು 56. ಪ್ರಯೋಗಶಾಲೆಯ ಗೋಡೆಯ ಮೇಲೆ ತೂಗುವ ಆರ್ದ್ರ-ಶುಷ್ಕ ಉಷ್ಣತಾಮಾಪಕದ ತತ್ತ್ವವೇ ಇದು.

ಸಂವೇದಕವು ಹೇಳಿದುದನ್ನೆಲ್ಲ ನಂಬಬಾರದು. ಅಳತೆಯನ್ನು ಮುಗಿಸಲು ಅದಕ್ಕೆ ಮುಕ್ಕಾಲು ಸೆಕೆಂಡು ಬೇಕು. ವಿದ್ಯುತ್ತು ಬಂದೊಡನೆ, ಅಳೆಯುವ ಮೊದಲೇ ಕೇಳಿದರೆ 85 ಡಿಗ್ರಿ ಎಂದು ಉತ್ತರ ಬರುವುದು. ಇದು ಉಷ್ಣತೆಯಲ್ಲ, ‘ಇನ್ನೂ ಅಳೆದಿಲ್ಲ’ ಎಂಬುದರ ಗುರುತು. 70 ಡಿಗ್ರಿಯ ಬ್ಯಾರನ್ನಿನಲ್ಲಿ ಇದನ್ನು ಬೆಂಕಿಯೆಂದು ಬಗೆದು ಮನೆಮಂದಿಯನ್ನೆಲ್ಲ ಎಬ್ಬಿಸಿದರೆ, ಎರಡನೆಯ ಸಲ ಯಾರೂ ಏಳರು. ತಂತಿ ಕಡಿದಾಗ ಬಳಕೆಯಲ್ಲಿರುವ ಪ್ರೋಗ್ರಾಮುಗಳು −127 ಎಂದು ಕೊಡುವುವು. ಬಟ್ಟೆ ಒಣಗಿದರೆ ಎರಡು ಸಂವೇದಕಗಳೂ ಒಂದೇ ಅಂಕವನ್ನು ತೋರಿಸಿ, 60 ಡಿಗ್ರಿಯಲ್ಲಿಯೂ ಗಾಳಿ ತೇವದಿಂದ ತುಂಬಿರುವಂತೆ ಕಾಣುವುದು. ಈ ಮೂರನ್ನೂ ‘ದೋಷ’ವೆಂದು ಬೇರೆಯಾಗಿ ಗುರುತಿಸುವಂತೆ ಪ್ರೋಗ್ರಾಮನ್ನು ಬರೆಯಬೇಕು. ಸಂವೇದಕವನ್ನು ಪರೀಕ್ಷಿಸಲು ಕರಗುತ್ತಿರುವ ಮಂಜುಗಡ್ಡೆ ಉತ್ತಮ. ಕುದಿಯುವ ನೀರು ಬೇಡ. 800 ಮೀಟರಿಗೂ ಎತ್ತರದ ಈ ಸೀಮೆಯಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುವುದು.

ಇನ್ನು ಸುದ್ದಿಯನ್ನು ಕಳಿಸುವ ಮಾತು. ಮೈಸೂರು ಸೀಮೆಗೆ ಹವ್ಯಾಸದ ರೇಡಿಯೋ ಹೊಸದಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬುದು ಆ ನಿಲಯದ ಹೆಸರು. ನಮ್ಮ ಇಎಸ್‌ಪಿ32ರಲ್ಲಿ ವೈ-ಫೈ ಇದ್ದೇ ಇದೆ, ಆದರೆ 12.5 ಸೆಂಟಿಮೀಟರ್ ತರಂಗದೂರದ ಆ ಅಲೆಗಳು ದಪ್ಪ ಗೋಡೆ, ಒದ್ದೆ ಮರಗಳ ನಡುವೆ ಬೇಗ ಸೊರಗುವುವು. ಹೊಲದಿಂದ ಊರಿಗೆ ಒಂದು ಕಿಲೋಮೀಟರ್ ಇದ್ದರೆ ಲೋರಾ ಎಂಬ ಪದ್ಧತಿ ಮೇಲು. ಇದರಲ್ಲಿ ಪ್ರತಿ ಸಂಕೇತವೂ ಹಕ್ಕಿಯ ಸಿಳ್ಳಿನಂತೆ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಜಾರುತ್ತ ಹೋಗುವುದು. ವೇಗವನ್ನು ಬಿಟ್ಟುಕೊಟ್ಟು ದೂರವನ್ನು ಕೊಳ್ಳುವ ವ್ಯಾಪಾರವಿದು: ತೀರ ನಿಧಾನವಾಗಿ ಕಳಿಸಿದಾಗ ಸಂಕೇತದ ಬಲವು ಸುತ್ತಲಿನ ಗದ್ದಲದ ನೂರನೆಯ ಒಂದಂಶಕ್ಕೆ ಇಳಿದರೂ ಅದನ್ನು ಗುರುತಿಸಬಹುದು. ನಮ್ಮ ದೇಶದಲ್ಲಿ ಇಂತಹ ಅಲ್ಪಶಕ್ತಿಯ ಸಾಧನಗಳಿಗಾಗಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಲೈಸೆನ್ಸಿನಿಂದ ಮುಕ್ತಗೊಳಿಸಲಾಯಿತು. 866ರಲ್ಲಿ ತರಂಗದೂರ 34.6 ಸೆಂಟಿಮೀಟರ್, ಅದರ ಕಾಲಂಶ, ಎಂದರೆ ಸುಮಾರು 8.7 ಸೆಂಟಿಮೀಟರಿನ ನೇರ ತಂತಿಯೇ ನಮ್ಮ ಏರಿಯಲ್. ಏರಿಯಲ್ಲನ್ನು ಜೋಡಿಸದೆ ಪ್ರೇಷಕವನ್ನು ಎಂದಿಗೂ ಚಾಲೂ ಮಾಡಬಾರದು, ಅದು ಕೆಟ್ಟುಹೋಗಬಹುದು.

ನಿಮಿಷಕ್ಕೊಂದು ಸುದ್ದಿ ಸಾಕು: ಬ್ಯಾರನ್ನಿನ ಗುರುತು, ಕ್ರಮಸಂಖ್ಯೆ, ಎರಡು ಉಷ್ಣತೆಗಳು, ಬ್ಯಾಟರಿಯ ವೋಲ್ಟೇಜು. ಕ್ರಮಸಂಖ್ಯೆಯಲ್ಲಿ ಒಂದು ಬಿಟ್ಟುಹೋದರೆ ದಾರಿಯಲ್ಲಿ ಸುದ್ದಿಯೊಂದು ಕಳೆದುಹೋಯಿತೆಂದು ತಿಳಿಯುವುದು. ಈ ಯಂತ್ರದ ಜೀವಾಳವಿರುವುದು ಮನೆಯಲ್ಲಿಡುವ ಗ್ರಾಹಕದಲ್ಲಿ. ಅಪಾಯವಾದಾಗ ಮಾತ್ರ ಕೂಗುವಂತೆ ಯಂತ್ರವನ್ನು ಕಟ್ಟುವುದು ಸುಲಭ; ಅನೇಕರು ಮಾಡುವುದೂ ಅದನ್ನೇ. ಆದರೆ ಅಂತಹ ಯಂತ್ರ ಸುಮ್ಮನಿದ್ದರೆ ಅದಕ್ಕೆ ಎರಡು ಅರ್ಥಗಳುಂಟು: ಬ್ಯಾರನ್ ಕ್ಷೇಮವಾಗಿದೆ, ಅಥವಾ ಪ್ರೇಷಕವೇ ಸುಟ್ಟುಹೋಗಿದೆ. ಮಲಗಿದವನಿಗೆ ಈ ಎರಡು ಮೌನಗಳ ಭೇದ ತಿಳಿಯದು. ಆದುದರಿಂದ ಮೂರು ನಿಮಿಷ ಯಾವ ಸುದ್ದಿಯೂ ಬಾರದಿದ್ದರೆ ಗ್ರಾಹಕವು ತಾನಾಗಿಯೇ ಗಂಟೆ ಬಾರಿಸುವಂತೆ ಮಾಡಬೇಕು. ಈ ಗಂಟೆಯ ಧ್ವನಿ ಬೆಂಕಿಯ ಗಂಟೆಗಿಂತ ಬೇರೆಯಾಗಿರಲಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಸಾಮಾನ್ಯವಾದುದರಿಂದ ಎರಡು ಕಡೆಯೂ ಬ್ಯಾಟರಿಯಿರುವುದು ಅವಶ್ಯ.

ಕಟ್ಟುವಾಗ ಎಲ್ಲವನ್ನೂ ಒಮ್ಮೆಲೇ ಜೋಡಿಸದೆ, ಸಂವೇದಕವನ್ನೂ ರೇಡಿಯೋವನ್ನೂ ಗಂಟೆಯನ್ನೂ ಒಂದೊಂದಾಗಿ ನಡೆಸಿ ನೋಡಿ, ಅನಂತರ ಕೂಡಿಸಿರಿ. ಜುಲೈಗೆ ಮುಂಚೆ, ಬ್ಯಾರನ್ ಬರಿದಾಗಿರುವಾಗ, ಒಂದು ರಾತ್ರಿ ಮನೆಯವರಿಗೆ ಹೇಳದೆ ಮೊದಲು ಸಂವೇದಕದ ತಂತಿಯನ್ನು ಕಿತ್ತು, ಅದನ್ನು ಸರಿಪಡಿಸಿ ಸ್ವಲ್ಪ ಹೊತ್ತಿನ ಮೇಲೆ ಪ್ರೇಷಕದ ಬ್ಯಾಟರಿಯನ್ನು ತೆಗೆದು, ಎರಡು ಸಲವೂ ಮನೆಯ ಗಂಟೆ ಬಾರಿಸುವುದೇ, ಯಾರಾದರೂ ಏಳುವರೇ ಎಂದು ನೋಡಿರಿ.