ಮುದಿ ನಾಯಿಗೆ ದುಬಾರಿ ಆಪರೇಷನ್: ಒಪ್ಪುವ ಮುನ್ನ ನಾಲ್ಕು ಪ್ರಶ್ನೆ



"ಡಾಕ್ಟ್ರೇ, ನಮ್ಮ ನಾಯಿಗೆ 11 ವರ್ಷ. ಹಿಂಗಾಲು ಊರಲು ಆಗುತ್ತಿಲ್ಲ. ಆಪರೇಷನ್‌ಗೆ ಸಾಲ ಮಾಡಲೇ?" ಮುಂಬ್ರಾ, ಕಲ್ಯಾಣ ಕಡೆಯ ನಮ್ಮವರು ಹೀಗೆ ಕೇಳುವುದುಂಟು. ನಾನು ಮನುಷ್ಯರ ಹೃದಯದ ವೈದ್ಯ. ಕಾಲಿನ ತೀರ್ಮಾನ ಪಶುವೈದ್ಯರದ್ದೇ. ಆದರೆ ವಯಸ್ಸಾದ ಜೀವಕ್ಕೆ ಆಪರೇಷನ್ ಎಂದಾಗ ಕೇಳಬೇಕಾದ ಪ್ರಶ್ನೆಗಳು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ.

*1. ತೊಂದರೆ ನಿಜವಾಗಿ ಎಲ್ಲಿದೆ?*
ಕೀಲು ಸವೆತ ಬೇರೆ, ಮಂಡಿಯ ಲಿಗಮೆಂಟ್ ಹರಿದದ್ದು ಬೇರೆ, ಬೆನ್ನುಹುರಿಯ ದೌರ್ಬಲ್ಯ ಬೇರೆ. ಸವೆತವನ್ನು ಹೆಚ್ಚಾಗಿ ತೂಕ, ಔಷಧಿ, ಹಗುರ ನಡಿಗೆಯಿಂದಲೇ ನಿಭಾಯಿಸುತ್ತಾರೆ. ಲಿಗಮೆಂಟ್ ಹರಿದ ದೊಡ್ಡ ನಾಯಿಗೆ ಆಪರೇಷನ್ನಿನ ಲಾಭ ಹೆಚ್ಚು. ಸಣ್ಣ ನಾಯಿಗಳು ಎಷ್ಟೋ ಸಲ ವಿಶ್ರಾಂತಿಯಿಂದಲೇ ಚೇತರಿಸಿಕೊಳ್ಳುತ್ತವೆ.

*2. ಅರಿವಳಿಕೆ ತಡೆದೀತೇ?*
ವಯಸ್ಸೇ ಒಂದು ರೋಗವಲ್ಲ. ಆದರೆ ಸಣ್ಣ ತಳಿಗಳಲ್ಲಿ ವಯಸ್ಸಾದಂತೆ ಹೃದಯದ ಮೈಟ್ರಲ್ ಕವಾಟ ಸೋರುವುದು ಸಾಮಾನ್ಯ. ಕಿಡ್ನಿ, ಲಿವರ್ ರಕ್ತಪರೀಕ್ಷೆ ಮಾಡಿಸಿ. ಎದೆಯಲ್ಲಿ ಮರ್ಮರ ಕೇಳಿಸಿದರೆ ಎಕೋ ಬೇಕೇ ಎಂದು ಕೇಳಿ.

*3. ಆಮೇಲೆ ನೋಡಿಕೊಳ್ಳುವವರು ಯಾರು?*
ಮಂಡಿ ಆಪರೇಷನ್ ಆದ ನಾಯಿಯನ್ನು ಸಾಮಾನ್ಯವಾಗಿ 8ರಿಂದ 12 ವಾರ ಓಡಲು, ಜಿಗಿಯಲು ಬಿಡುವಂತಿಲ್ಲ. ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ, ಬೆಳಿಗ್ಗೆ ಲೋಕಲ್ ಹಿಡಿದರೆ ರಾತ್ರಿ ಮನೆ: 30 ಕಿಲೋ ನಾಯಿಯನ್ನು ದಿನಕ್ಕೆ ಮೂರು ಸಲ ಇಳಿಸಿ ಹತ್ತಿಸುವವರು ಯಾರು? ಈ ಲೆಕ್ಕ ಬಿಲ್ಲಿನಲ್ಲಿ ಬರುವುದಿಲ್ಲ.

*4. ತೂಕ ಇಳಿಸಿ ನೋಡಿದ್ದೀರಾ?*
2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್‌ಗಳಲ್ಲಿ ಅರ್ಧಕ್ಕೆ ಮರಿಯಿಂದಲೇ ಶೇ. 25ರಷ್ಟು ಕಡಿಮೆ ಆಹಾರ ಕೊಟ್ಟಿದ್ದರು. ಅವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು; ಕೀಲುನೋವೂ ತಡವಾಗಿ ಬಂತು. ಮುದಿ ನಾಯಿಗೂ ತೂಕ ಇಳಿದರೆ ಕುಂಟು ಕಡಿಮೆಯಾಗುತ್ತದೆ. ಚಪಾತಿ, ಬಿಸ್ಕತ್ತು ನಿಲ್ಲಿಸಿ. ಜಾರುವ ಟೈಲ್ಸ್ ಮೇಲೆ ಚಾಪೆ ಹಾಸಿ.

*ಎಚ್ಚರಿಕೆ:* ನಿಮ್ಮ ಡಬ್ಬಿಯ ಐಬುಪ್ರೊಫೇನ್, ಡೈಕ್ಲೋಫೆನ್ಯಾಕ್ ಮಾತ್ರೆ ನಾಯಿಗೆ ಬೇಡವೇ ಬೇಡ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವ, ಕಿಡ್ನಿ ವೈಫಲ್ಯ ಆಗಬಹುದು.

ಖರ್ಚು ದೊಡ್ಡದಾದರೆ ಎರಡನೇ ಅಭಿಪ್ರಾಯ ಪಡೆಯಿರಿ. ಪರೇಲ್‌ನಲ್ಲಿ ಪಶುವೈದ್ಯಕೀಯ ಕಾಲೇಜೂ, ಬಾಯಿ ಸಾಕರಬಾಯಿ ಪ್ರಾಣಿ ಆಸ್ಪತ್ರೆಯೂ ಇವೆ. ಎಕ್ಸ್‌ರೇ ಜೊತೆಗೆ ಒಯ್ಯಿರಿ.

ನಾಲ್ಕಕ್ಕೂ ಒಳ್ಳೆಯ ಉತ್ತರ ಸಿಕ್ಕರೆ ಧೈರ್ಯವಾಗಿ ಮಾಡಿಸಿ. ಸಿಗದಿದ್ದರೆ, ನೋವು ತಗ್ಗಿಸಿ ಮೆತ್ತನೆ ಹಾಸಿಗೆಯಲ್ಲಿ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಮಕ್ಕಳ ಫೀಸಿನ ಹಣ ಉಳಿಸಿಕೊಂಡವರು ನಾಯಿಗೆ ದ್ರೋಹ ಮಾಡಿದಂತಲ್ಲ.

ಮನೆಯಲ್ಲಿ ನಾಯಿ ಇರುವವರಿಗೆ ಕಳುಹಿಸಿ.